ಚೌಡಪ್ಪನವರ ಮೀಸೆ, ನನ್ನ ಸೈಕಲ್ಲು

ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ.

ಓದಿದಿರಾ? ಬೇಕಾದರೆ ಇನ್ನೊಮ್ಮೆ ಬರೆಯುತ್ತೇನೆ. ಎರಡು ವರ್ಷದಿಂದ ವಾರಾವಾರ ಇದೇ ಪುಟದ ಇದೇ ಮೂಲೆಯಲ್ಲಿ, 'ಸೈಕಲ್ ಸವಾರಿ' ಎಂಬ ತಲೆಬರಹದ ಕೆಳಗೆ, ಹೊಸೂರು ಕೃಷ್ಣಗಿರಿ ಸೀಮೆಯ ಹಳ್ಳಿ, ಕಾಡು, ಕೋಟೆಗಳನ್ನೆಲ್ಲ ನಿಮಗೆ ತೋರಿಸಿಕೊಂಡು ಬಂದ ಈ ಮೇಷ್ಟ್ರಿಗೆ ಸೈಕಲ್ ಹತ್ತಲು ಬರುವುದಿಲ್ಲ. ಇಳಿಯಲೂ ಬರುವುದಿಲ್ಲ. (ಹತ್ತಿದರೆ ತಾನೇ ಇಳಿಯುವ ಮಾತು.)

ಈ ಸಾಲು ಓದುವಾಗ ನಮ್ಮ ಎಡಿಟರ್ ಸಾಹೇಬರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಳ್ಳುತ್ತಾರೆಂದು ನನಗೆ ಗೊತ್ತು. ಒರೆಸಿಕೊಳ್ಳಲಿ. ಒರೆಸಿದ ಮೇಲೂ ಅದೇ ಕಾಣುತ್ತದೆ.

ಹಾಗಾದರೆ ಸೈಕಲ್ ಇಲ್ಲವೇ? ಇದೆ. ಒಂಬತ್ತು ವರ್ಷದ ಹಿಂದೆ ನನ್ನ ಮದುವೆಯಲ್ಲಿ ಬೆಂಗಳೂರಿನ ಮಾವನವರು ಕೊಟ್ಟದ್ದು. ಕಪ್ಪು ಬಣ್ಣ, ಹಳದಿ ಗೀಟು, ಬೆಲ್ಲು ಹೊಡೆದರೆ ಬೀದಿಯ ಕೊನೆಗೆ ಕೇಳಬೇಕು. ಚಪ್ಪರದ ತುಂಬ ನೆಂಟರು ಕೂತಿದ್ದಾಗ ಅದರ ಹ್ಯಾಂಡಲ್ಲಿಗೆ ಹೂವಿನ ಹಾರ ಹಾಕಿ ತಂದು ನಿಲ್ಲಿಸಿ, ಮಾವನವರು ಗಟ್ಟಿಯಾಗಿ ಕೇಳಿದರು: "ಅಳಿಯಂದಿರಿಗೆ ಸೈಕಲ್ ಬರುತ್ತೆ ತಾನೆ?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಬಾಸಿಂಗ ಕಟ್ಟಿಕೊಂಡು, ಹೆಂಡತಿಯ ಕಡೆಯವರೆಲ್ಲ ಕತ್ತು ಚಾಚಿ ನೋಡುತ್ತಿರುವಾಗ? ನಾನು "ಓಹೋ" ಎಂದೆ. ಆ ಒಂದು 'ಓಹೋ' ಒಂಬತ್ತು ವರ್ಷದಿಂದ ನನ್ನ ಜೊತೆ ಸಂಸಾರ ಮಾಡಿಕೊಂಡಿದೆ.

ನಮ್ಮ ಮನೆಯಾಕೆಗೆ ಮೂರನೆಯ ದಿನವೇ ಗೊತ್ತಾಯಿತು. ಆದರೆ ತವರಿಗೆ ಬಾಯಿ ಬಿಡಲಿಲ್ಲ. "ಸೈಕಲ್ಲು ನಮ್ಮಪ್ಪನದು, ಗಂಡ ನನ್ನವರು. ಯಾರನ್ನ ಬಿಟ್ಟುಕೊಡಲಿ?" ಎಂದು ಆಕೆ ಕೇಳಿದ್ದು ಈಗಲೂ ನೆನಪಿದೆ. ಎಂಥ ಹೆಂಗಸು ನೋಡಿ.

ಅಂದಿನಿಂದ ನಾನು ಸೈಕಲ್ ತಳ್ಳುತ್ತೇನೆ. ಎಡಗಡೆ ನಿಂತು, ಎಡಗೈ ಹ್ಯಾಂಡಲ್ಲಿನ ಹಿಡಿಯ ಮೇಲೆ, ಬಲಗೈ ಸೀಟಿನ ಮೂತಿಯ ಮೇಲೆ. ಕ್ಯಾರಿಯರ್‌ನಲ್ಲಿ ಕೊಡೆ, ಹ್ಯಾಂಡಲ್ಲಿಗೆ ಚೀಲ. ಕೈಬೀಸಿಕೊಂಡು ನಡೆದು ಹೋಗುವವನನ್ನು ನೋಡಿದರೆ ಜನ ಏನನ್ನುತ್ತಾರೆ? 'ಪಾಪ, ಮೇಷ್ಟ್ರು ನಡೆದುಕೊಂಡು ಹೋಗುತ್ತಿದ್ದಾರೆ' ಎನ್ನುತ್ತಾರೆ. ಸೈಕಲ್ ತಳ್ಳಿಕೊಂಡು ಹೋಗುವವನನ್ನು ನೋಡಿದರೆ? 'ಮೇಷ್ಟ್ರ ಸೈಕಲ್ ಪಂಕ್ಚರ್ ಆಗಿದೆ' ಎನ್ನುತ್ತಾರೆ. ಕಾಲು ಎರಡೂ ಕಡೆ ಅವೇ, ಧೂಳೂ ಅದೇ. ಮರ್ಯಾದೆ ಮಾತ್ರ ಬೇರೆ.

ಅದರಲ್ಲೂ ಈ ಹಾಳು ಯುದ್ಧ ಶುರುವಾದ ಮೇಲೆ ನನಗೆ ಬಹಳ ಅನುಕೂಲವಾಗಿದೆ. (ಯುದ್ಧದಿಂದ ಅನುಕೂಲ ಪಡೆದವರ ಪಟ್ಟಿಯಲ್ಲಿ ನನ್ನದೂ ಒಂದು ಹೆಸರು ಇರಲಿ.) ಟೈರಿಗೆ ಪರ್ಮಿಟ್ಟು, ಟ್ಯೂಬಿಗೆ ಪರ್ಮಿಟ್ಟು. "ಟ್ಯೂಬು ಎಲ್ಲೂ ಸಿಗ್ತಿಲ್ಲ ನೋಡಿ" ಎಂದರೆ ಸಾಕು, ಎದುರಿಗಿದ್ದವರೇ ಸರ್ಕಾರವನ್ನು ಬೈದು ನನ್ನನ್ನು ಸಮಾಧಾನ ಮಾಡಿ ಕಳಿಸುತ್ತಾರೆ. ದೂರದ ಊರಾದರೆ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸಿದೆ. ಸೈಕಲ್ಲನ್ನು ಬಸ್ಸಿನ ನೆತ್ತಿಗೆ ಏರಿಸುತ್ತೇನೆ. ಊರು ಒಂದು ಮೈಲಿ ಇರುವಾಗ ಇಳಿದು, ತಳ್ಳಿಕೊಂಡು ಊರು ಸೇರುತ್ತೇನೆ. ಊರು ನೋಡುತ್ತೇನೆ, ಜನರನ್ನು ಮಾತಾಡಿಸುತ್ತೇನೆ, ಬಂದು ಬರೆಯುತ್ತೇನೆ.

ನಂಬಿ, ನಾನು ಎಲ್ಲೂ ಸುಳ್ಳು ಬರೆಯಲಿಲ್ಲ. ನೋಡಿದ್ದನ್ನೇ ಬರೆದೆ. ನನ್ನನ್ನು ಸೀಟಿನ ಮೇಲೆ ಕೂರಿಸಿಕೊಂಡವರು ನೀವು. ನಾನು ಬೇಡವೆನ್ನಲಿಲ್ಲ, ಅಷ್ಟೆ.

ಮೂರು ಸಾಲು ಬಿಟ್ಟು.

ಆ ಮೂರು ಸಾಲಿನ ಕತೆ ಹೀಗಿದೆ. ಎರಡು ತಿಂಗಳ ಹಿಂದೆ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಒಂದು ಹಳೆಯ ಇಂಗ್ಲಿಷ್ ಚಿತ್ರಪತ್ರಿಕೆ ತಂದಿದ್ದರು. ಯುದ್ಧಕ್ಕೆ ಮುಂಚಿನದು. ಯೂರೋಪಿನ ಯಾವುದೋ ದೇಶ. ಚಡ್ಡಿ ಹಾಕಿದ ಗಂಡಸರು, ಹೆಂಗಸರು ಜಲ್ಲಿ ರಸ್ತೆಯ ಮೇಲೆ ಸೈಕಲ್ ತುಳಿಯುತ್ತಿದ್ದಾರೆ. ಒಂದು ಕಡೆ ದ್ರಾಕ್ಷಿ ತೋಟ, ಇನ್ನೊಂದು ಕಡೆ ಕಾಡು, ಗುಡ್ಡದ ಮೇಲೆ ಹಳೆಯ ಕೋಟೆ. ಡ್ರಾಯಿಂಗ್ ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಬದುಕು ಅಂದ್ರೆ ಇದು ಸಾರ್. ನಮ್ಮಲ್ಲಿ ಏನಿದೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಏನಿಲ್ಲ ನಮ್ಮಲ್ಲಿ? ರಾಯಕೋಟೆ ರಸ್ತೆಯಲ್ಲಿ ಊರು ದಾಟಿದ ಕೂಡಲೆ ದ್ರಾಕ್ಷಿ ತೋಟ. ಆಮೇಲೆ ಸಾನಮಾವಿನ ಕಾಡು, ಅದರಲ್ಲಿ ಆನೆ. (ಅವರ ಕಾಡಿನಲ್ಲಿ ಆನೆ ಇದೆಯೇ, ಕೇಳಿ.) ಉದ್ದನಪಲ್ಲಿಯ ದಿನ್ನೆ ಹತ್ತಿದರೆ ಎದುರಿಗೆ ರಾಯಕೋಟೆಯ ದುರ್ಗ. ಅದೂ ಸಾಲದೆ, ಹಿಂದೆ ಒಬ್ಬ ಇಂಗ್ಲಿಷ್ ದೊರೆ ತನ್ನ ದೇಶದ ಕೋಟೆಯಂತೆಯೇ ಬುರುಜು ಗಿರುಜು ಇಟ್ಟು ಹೊಸೂರಿನಲ್ಲೇ ಕಟ್ಟಿಸಿದ ಬಂಗಲೆ ಇದೆ. ಈಗ ಬಾವಲಿಗಳು ಇವೆ ಅದರಲ್ಲಿ. ಅವೇನೂ ದೂರು ಹೇಳಿದ್ದಿಲ್ಲ. ಇನ್ನು ಜಲ್ಲಿ? ನಮ್ಮ ಜಿಲ್ಲಾ ಬೋರ್ಡಿನಷ್ಟು ಧಾರಾಳವಾಗಿ ಜಲ್ಲಿ ಸುರಿಯುವವರು ಯೂರೋಪಿನಲ್ಲಿ ಹುಟ್ಟಿಲ್ಲ. ಇದನ್ನೆಲ್ಲ ಒಂದೇ ಉಸಿರಿಗೆ ಬರೆದು ಕಳಿಸಿದೆ.

ಎಡಿಟರಿಂದ ಕಾರ್ಡು ಬಂತು. 'ಲೇಖನ ಚೆನ್ನಾಗಿದೆ. ಕೆಳಗೆ ಮೂರು ಸಾಲು ಜಾಗ ಉಳಿದಿದೆ. ತುಂಬಿಸಿ.'

ತುಂಬಿಸಿದೆ. 'ಉದ್ದನಪಲ್ಲಿಯ ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು, ಗಾಳಿಗೆ ಎದೆಯೊಡ್ಡಿ ಇಳಿದು ಬಂದೆ. ಆ ಸುಖವನ್ನು ಬರೆದು ತಿಳಿಸಲಾಗದು, ತುಳಿದೇ ತಿಳಿಯಬೇಕು.'

ಏಳನೆಯ ಕ್ಲಾಸಿನಲ್ಲಿ ಲೆಕ್ಕ ಕೊಟ್ಟು, ಹುಡುಗರು ಮಾಡಿ ಮುಗಿಸುವುದರೊಳಗೆ ಬರೆದ ಸಾಲುಗಳು ಇವು. ಅಲ್ಲಿಗೆ ಮರೆತೂ ಬಿಟ್ಟೆ.

ಹೋದ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಬಾಗಿಲಲ್ಲಿ ಸೈಕಲ್ ಬೆಲ್ಲು ಕೇಳಿಸಿತು. ನಮ್ಮ ಮನೆಯಾಕೆ ಹೋಗಿ ನೋಡಿ ಬಂದು, "ರೀ, ಒಂದು ಮೀಸೆ ಬಂದಿದೆ, ನೋಡಿ" ಎಂದಳು.

ಸುಳ್ಳಲ್ಲ. ಮೊದಲು ಕಂಡದ್ದು ಮೀಸೆಯೇ. ಆಮೇಲೆ ಅದರ ಹಿಂದೆ ಅರುವತ್ತರ ಹತ್ತಿರದ ಒಬ್ಬ ಯಜಮಾನರು, ಹೆಗಲ ಮೇಲೆ ವಲ್ಲಿ, ಕಚ್ಚೆ ಪಂಚೆ, ಪಕ್ಕದಲ್ಲಿ ಕೆಸರು ಮೆತ್ತಿದ ಸೈಕಲ್ಲು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಾನು ಉದ್ದನಪಲ್ಲಿ ಚೌಡಪ್ಪ. ನೀವೇನಾ ಸೈಕಲ್ ಮೇಷ್ಟ್ರು?"

"ಹೌದು."

"ಮೀಸೆ ಇರ್ತದೆ ಅಂದ್ಕಂಡಿದ್ದೆ" ಎಂದು ಸ್ವಲ್ಪ ನಿರಾಸೆಯಿಂದ ಹೇಳಿ ಜಗಲಿಯ ಮೇಲೆ ಕೂತರು.

ಕಾಫಿ ಕುಡಿಯುತ್ತ ವಿಷಯ ಬಿಚ್ಚಿದರು. ರೈತರು. ಎತ್ತು ಕೊಳ್ಳುವವರು ಹತ್ತು ಊರಿನಿಂದ ಇವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರಂತೆ, ಎತ್ತಿನ ಒಳ್ಳೆಯದು ಕೆಟ್ಟದ್ದು ಇವರ ಕಣ್ಣಿಗೆ ತಪ್ಪುವುದಿಲ್ಲವಂತೆ. ಓದಲು ಬರುವುದರಿಂದ ಪ್ರತಿ ಭಾನುವಾರ ಊರ ಚಾವಡಿಯಲ್ಲಿ ಕೂತು ನಮ್ಮ ಈ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾರಂತೆ. ನನ್ನ ಅಂಕಣ ಬಂದಾಗ ಕೆಮ್ಮುವವರು ಕೂಡ ಹೊರಗೆ ಹೋಗಿ ಕೆಮ್ಮಿ ಬರುತ್ತಾರಂತೆ. (ಇದನ್ನು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಮುಂದಿನ ಅಪಾಯ ಹೊಳೆಯಲೇ ಇಲ್ಲ.)

"ನಿಮ್ಮ ದೆಸೆಯಿಂದ ಈ ವಯಸ್ನಲ್ಲಿ ನಾನು ಸೈಕಲ್ ಕಲ್ತೆ ಮೇಷ್ಟ್ರೇ. ನಾಕು ಕಿತ ಬಿದ್ದೆ. ಮೊಣಕಾಲು ನೋಡಿ." ಪಂಚೆ ಎತ್ತಿ ತೋರಿಸಿದರು. ನೋಡಿದೆ.

"ಆದ್ರೆ ನಮ್ಮ ಬೀಗ ಒಬ್ಬವ್ನೆ, ತಿಮ್ಮರಾಯಪ್ಪ ಅಂತ. ಮೊನ್ನೆ ಚಾವಡೀಲಿ ಎದ್ದು ನಿಂತು, ನಮ್ಮೂರ ಇಳಿಜಾರ್ನಾಗೆ ಒಬ್ಬ ಎರಡೂ ಕೈ ಬಿಟ್ಟು ಇಳಿದಿದ್ರೆ ನಮಗೆ ಕಾಣ್ದೆ ಇರ್ತಿತ್ತಾ, ಇದೆಲ್ಲ ಬುರುಡೆ ಅಂದ್ಬುಟ್ಟ. ಊರೋರ್ನೆಲ್ಲ ಕೇಳ್ದ. ಯಾರೂ ಕಂಡೇ ಇಲ್ಲ ಅಂದ್ರು. ನಂಗೆ ಸಿಟ್ಟು ಬಂತು. ಮೇಷ್ಟ್ರು ಬರ್ದಿದ್ದು ಸುಳ್ಳಾದ್ರೆ ಮೀಸೆ ತೆಗೀತೀನಿ ಅಂದೆ."

ನಾನು ಕಾಫಿ ಲೋಟ ಕೆಳಗಿಟ್ಟೆ.

"ಅದಕ್ಕೇ ಇವತ್ತು ಬಂದೆ. ನೀವೂ ನಾನೂ ಹೊರಡಾನ. ನೀವು ಬರ್ದಂಗೇ ದ್ರಾಕ್ಷಿ ತ್ವಾಟ, ಕಾಡು, ದುರ್ಗ ಎಲ್ಲ ನೋಡ್ಕಂಡು, ಇಳಿಜಾರ್ನಾಗೆ ಎರಡೂ ಕೈ ಬಿಟ್ಟು ಇಳ್ದುಬುಡಿ. ಕೆಳಗೆ ಊರೇ ಕಾದೈತೆ. ಅಡುಗೆನೂ ಆಗ್ತೈತೆ."

ಈಗ ಹೇಳಿಬಿಡಬಹುದಿತ್ತು. 'ಚೌಡಪ್ಪನವರೇ, ನನಗೆ ಬರೋದಿಲ್ಲ' ಎಂಬ ಎರಡೇ ಮಾತು. ಒಳಗಿನಿಂದ ನಮ್ಮ ಮನೆಯಾಕೆ ಕಣ್ಣಿನಲ್ಲೇ ಹೇಳಿದಳು: ಹೇಳಿ. ನಾನು ಬಾಯಿ ತೆರೆದೆ. ಬಂದದ್ದು, "ನನ್ನ ಸೈಕಲ್ ಪಂಕ್ಚರ್ ಆಗಿದೆಯಲ್ಲ" ಎಂಬ ಮಾತು. ನಾಲಿಗೆಗೆ ಒಂಬತ್ತು ವರ್ಷದ ಅಭ್ಯಾಸ.

ಚೌಡಪ್ಪನವರು ಎದ್ದು ಹೋಗಿ ಟೈರು ಅಮುಕಿ ನೋಡಿದರು. ಮುಂದಿನದು, ಹಿಂದಿನದು. ಕಲ್ಲಿನ ಹಾಗಿತ್ತು. ಸೈಕಲ್ಲಿನ ಸುತ್ತ ಒಂದು ಸುತ್ತು ಬಂದರು. ಸೀಟು ನೋಡಿದರು, ಹ್ಯಾಂಡಲ್ ನೋಡಿದರು. ಆಮೇಲೆ ನನ್ನ ಮುಖ ನೋಡಿ, "ಗಾಳಿ ಐತೆ ಮೇಷ್ಟ್ರೇ. ಹೊರಡಾನ" ಎಂದಷ್ಟೇ ಹೇಳಿದರು.

ಹೊರಟೆವು. ಬೀದಿಯಲ್ಲಿ ಅವರು ಪೆಡಲ್ ಮೇಲೆ ಕಾಲಿಟ್ಟರು. ನಾನು ತಡೆದೆ. "ಊರೊಳಗೆ ಹತ್ತುವುದು ಬೇಡ. ದೊಡ್ಡವರು ಎದುರಿಗೆ ಬರ್ತಾರೆ. ಸೈಕಲ್ ಮೇಲೆ ಕೂತುಕೊಂಡು ಹೋದರೆ ಚೆನ್ನಾಗಿರಲ್ಲ." ಇದು ನಿಮಗೂ ಗೊತ್ತಿರುವ ಪದ್ಧತಿಯೇ. ಹಿರಿಯರು ಕಂಡರೆ ಇಳಿಯಬೇಕು, ಕೈ ಮುಗಿಯಬೇಕು, ಅವರು ದಾಟಿದ ಮೇಲೆ ಹತ್ತಬೇಕು. ಚೌಡಪ್ಪನವರಿಗೆ ಮಾತು ಹಿಡಿಸಿತು, ಇಳಿದರು. ಆ ದಿನ ದೇವರೂ ನನ್ನ ಕಡೆಗಿದ್ದ. ಪೋಸ್ಟ್ ಮಾಸ್ಟರು ಬಂದರು, ಕೈ ಮುಗಿದೆ. ಪುರೋಹಿತರು ಬಂದರು, ಕೈ ಮುಗಿದೆ. ಊರಾಚೆ ದೊರೆಯ ಕೋಟೆ ಬಂಗಲೆ ದಾಟಿದ ಮೇಲೂ ಯಾರೋ ಒಬ್ಬ ಮುದುಕಪ್ಪ ಸಿಕ್ಕ. ಪರಿಚಯವಿಲ್ಲದಿದ್ದರೂ ಕೈ ಮುಗಿದೆ. ಆತ ಗಾಬರಿಯಾಗಿ ಹಿಂದೆ ತಿರುಗಿ ನೋಡಿದ.

ದ್ರಾಕ್ಷಿ ತೋಟದಲ್ಲಿ ಎರಡು ಸೇರು ದ್ರಾಕ್ಷಿ ಕೊಂಡು ಹ್ಯಾಂಡಲ್ಲಿಗೆ ತೂಗುಹಾಕಿದೆ. "ಹತ್ತಿ ಕೂತರೆ ಕುಲುಕಿ ರಸವಾಗಿಬಿಡುತ್ತೆ. ನಿಮ್ಮ ಮನೆಗೆ ಬರಿಗೈಲಿ ಹೇಗೆ ಬರಲಿ" ಎಂದೆ. ತೋಟದ ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡು ನಾವಿಬ್ಬರು ಎರಡು ಸೈಕಲ್ ತಳ್ಳಿಕೊಂಡು ಹೋಗುವುದನ್ನು ನೋಡಿ, "ಸೈಕಿಲು ಎಕ್ಕರಾ ಸಾರು?" ಎಂದು ತೆಲುಗಿನಲ್ಲಿ ಕೇಳಿದಳು, ಹತ್ತುವುದಿಲ್ಲವಾ ಎಂದು. ನಾನು ತೆಲುಗು ಬಾರದವನಂತೆ ಮುಂದೆ ನಡೆದೆ.

ಆಮೇಲೆ ಜಲ್ಲಿ. ಆಹಾ, ಏನು ಜಲ್ಲಿ ಅದು. ಹೊಸದಾಗಿ ಸುರಿದಿದ್ದರು. ರೋಲರ್ ಓಡಿಸಲು ಬೋರ್ಡಿಗೆ ಅನುಕೂಲವಿಲ್ಲವಲ್ಲ, ಅದಕ್ಕೆ ರಸ್ತೆಯ ಪಕ್ಕದ ಮಣ್ಣು ಜಾಡಿಗೆ ಅಡ್ಡಡ್ಡ ದಪ್ಪ ಕಲ್ಲು ಇಟ್ಟಿದ್ದರು. ಗಾಡಿಗಳು ಬೇರೆ ದಾರಿಯಿಲ್ಲದೆ ಜಲ್ಲಿಯ ಮೇಲೆಯೇ ಹಾಯಬೇಕು, ಚಕ್ರ ತುಳಿದು ತುಳಿದು ರಸ್ತೆ ತಾನೇ ಗಟ್ಟಿಯಾಗಬೇಕು. ಜನರ ಎತ್ತು, ಜನರ ಗಾಡಿ, ಸರ್ಕಾರದ ರಸ್ತೆ. ಮರದ ಕೆಳಗೆ ಕೂತಿದ್ದ ಮೇಸ್ತ್ರಿ ನಮ್ಮನ್ನು ಕಂಡು, "ತಳ್ಳಿಕ್ಕಿಟ್ಟು ಪೋಂಗ ಸಾರ್" ಎಂದು ತಮಿಳಿನಲ್ಲಿ ಕೂಗಿದ. ತಳ್ಳಿಕೊಂಡು ಹೋಗಿ ಎಂದು ಸರ್ಕಾರವೇ ಹೇಳುತ್ತಿದೆ, ನಾನೇನು ಮಾಡಲಿ? ಆತನಿಗೆ ಒಂದು ಗೊಂಚಲು ದ್ರಾಕ್ಷಿ ಕೊಟ್ಟೆ.

ಚೌಡಪ್ಪನವರು ಮಾತ್ರ ಆ ಜಲ್ಲಿಯ ಮೇಲೂ ಹತ್ತಿ ನೋಡಿದರು. ಇಪ್ಪತ್ತು ಮಾರು ಹೋಗುವುದರೊಳಗೆ ಸೈಕಲ್ಲು ಒಂದು ಕಡೆ, ಅವರು ಒಂದು ಕಡೆ. ಎದ್ದು ಪಂಚೆ ಕೊಡವಿಕೊಂಡು ಕಾದು ನಿಂತರು. ನನ್ನ ಮೇಲೆ ಸಿಟ್ಟಿಲ್ಲ, ಅವಸರವಿಲ್ಲ.

ಸಾನಮಾವಿನ ಕಾಡು ಬಂದಾಗ, "ಚೈನಿನ ಸದ್ದು ಕೇಳಿದರೆ ಆನೆ ಸಿಟ್ಟಾಗುತ್ತೆ" ಎಂದೆ. ಇದನ್ನು ಹೇಳುವಾಗ ನನಗೇ ನಾಚಿಕೆಯಾಯಿತು. ಚೌಡಪ್ಪನವರು ಹುಟ್ಟಿದ್ದೇ ಈ ಆನೆಗಳ ನಡುವೆ. "ಹಂಗಾ?" ಎಂದರು, ನಡೆದರು. ದಾರಿಯುದ್ದಕ್ಕೂ ನನ್ನ ಲೇಖನವನ್ನು ಬಾಯಿಪಾಠದಂತೆ ಹೇಳುತ್ತ ಬಂದರು. ಸಿಡಿಲು ಹೊಡೆದು ಎರಡಾಗಿ ಸೀಳಿದ ಹೊಂಗೆ ಮರ, ಅಂಕಿ ಅಳಿಸಿಹೋದ ಮೈಲಿಕಲ್ಲು, ಅದರ ಮೇಲೆ ಯಾರೋ ಸುಣ್ಣ ತಿಕ್ಕಿದ ಬೆರಳಿನ ಗುರುತು. ಒಂದೊಂದನ್ನೂ ನಿಂತು ನೋಡಿದರು.

"ಎಲ್ಲ ಬರ್ದಂಗೇ ಐತೆ ಮೇಷ್ಟ್ರೇ. ನಾನು ಈ ರಸ್ತೇಲಿ ಸೈಕಲ್ ಮ್ಯಾಲೆ ಎಷ್ಟು ಕಿತ ಹೋಗಿವ್ನಿ. ಮುಂದಿನ ಚಕ್ರ, ಕಲ್ಲು, ಇವೆರಡು ಬುಟ್ರೆ ಏನೂ ಕಾಣ್ನಿಲ್ಲ ನಂಗೆ. ನಿಮಗೆ ಹೆಂಗೆ ಕಂಡ್ತು?"

ನಾನು ದ್ರಾಕ್ಷಿಯ ಚೀಲ ಸರಿಮಾಡಿಕೊಂಡೆ.

ಮಧ್ಯಾಹ್ನ ಉದ್ದನಪಲ್ಲಿಯ ದಿನ್ನೆಯ ತುದಿಗೆ ಬಂದೆವು. ಎದುರಿಗೆ ದೂರದಲ್ಲಿ ರಾಯಕೋಟೆಯ ದುರ್ಗ ಬಿಸಿಲಿನಲ್ಲಿ ಬೆಳ್ಳಗೆ ಕಾಣುತ್ತಿತ್ತು. ಯೂರೋಪಿನವರು ಕಂಡಿದ್ದರೆ ಚಿತ್ರ ತೆಗೆದುಕೊಳ್ಳುತ್ತಿದ್ದರು. ನಾನು ಕಂಡದ್ದು ಕೆಳಗಿನ ಇಳಿಜಾರು. ನೇರವಾಗಿ, ನುಣ್ಣಗೆ, ಎರಡು ಫರ್ಲಾಂಗ್. ಒಂದು ಕಲ್ಲಿಲ್ಲ, ಒಂದು ಆನೆಯಿಲ್ಲ, ಎದುರಿಗೆ ಬರುವ ಹಿರಿಯರಿಲ್ಲ. ಕೊನೆಯಲ್ಲಿ ಊರು ನಿಂತಿತ್ತು.

ಚೌಡಪ್ಪನವರು ತಮ್ಮ ಸೈಕಲ್ಲನ್ನು ಮರಕ್ಕೆ ಒರಗಿಸಿದರು. ನನ್ನ ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ಬ್ಯಾಸರ ಮಾಡ್ಕಬ್ಯಾಡಿ ಮೇಷ್ಟ್ರೇ. ಸಂತೇಲಿ ಮಾರೋನು ನಮ್ಮೆತ್ತು ಹಂಗೆ ಉಳ್ತದೆ ಹಿಂಗೆ ಎಳೀತದೆ ಅಂತಾನೆ. ನಾನು ಅವನ ಮಾತು ಕೇಳಕಿಲ್ಲ. ಎತ್ತಿನ ಹೆಗಲು ನೋಡ್ತೀನಿ. ನೊಗ ಹೊತ್ತಿದ್ರೆ ಅಲ್ಲಿ ಕೂದ್ಲಿರಕಿಲ್ಲ, ಚರ್ಮ ದಡ್ಡುಗಟ್ಟಿರ್ತದೆ."

ಸೀಟಿನ ಮೇಲೆ ಬೆರಳಿಟ್ಟರು. "ಇಲ್ಲಿ ನೋಡಿ. ಮೂತಿ ಕೈ ಹಿಡ್ದು ಹಿಡ್ದು ಕರ್ರಗಾಗೈತೆ. ಕೂತ್ಕಳೋ ಜಾಗದಾಗೆ ಕಂಪ್ನಿ ಅಕ್ಸರ ಹಂಗೇ ಐತೆ. ಎಡಗಡೆ ಹಿಡಿ ಹುಣಸೆ ಬೀಜದಂಗೆ ನುಣ್ಣಗಾಗೈತೆ, ಬಲಗಡೇದು ಹೊಸಾದು. ಪೆಡಲ್ಲಿನ ಗೀಟು ಒಂದೂ ಸವ್ದಿಲ್ಲ. ಈ ಎತ್ತು ನೊಗ ಕಂಡೇ ಇಲ್ಲ."

ನೆಲ ಬಾಯಿಬಿಡಬಾರದೇ ಎನ್ನಿಸಿತು. "ಯಾವಾಗ ಗೊತ್ತಾಯ್ತು?" ಎಂದೆ.

"ನಿಮ್ಮ ಜಗಲಿ ಮುಂದೇನೇ."

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರ ಅಂತ ಕಾದೆ. ಹದಿನೈದು ಮೈಲಿ ಕಾದೆ."

ನನ್ನನ್ನು ಮೇಲಿನವರು ಬೈದಿದ್ದಾರೆ, ಇನ್ಸ್‌ಪೆಕ್ಟರು ಕ್ಲಾಸಿನ ಮುಂದೆಯೇ ಬೈದಿದ್ದಾರೆ. ಆದರೆ ಇಷ್ಟು ಸಣ್ಣ ದನಿಯ ಈ ಮಾತು ತಾಗಿದಂತೆ ಯಾವುದೂ ತಾಗಿರಲಿಲ್ಲ.

"ನಾನೇ ಹೋಗಿ ಊರವರ ಮುಂದೆ ಒಪ್ಪಿಕೊಳ್ತೀನಿ" ಎಂದೆ. (ಮನಸ್ಸಿನಿಂದ ಹೇಳಿದೆನೇ? ಅರ್ಧ ಮನಸ್ಸಿನಿಂದ.)

ಚೌಡಪ್ಪನವರ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. ಕೆಳಗೆ ಯಾರೋ ನಮ್ಮನ್ನು ಕಂಡು ವಲ್ಲಿ ಬೀಸಿದರು. ಊರೆಲ್ಲ ಒಂದು ಹೆಜ್ಜೆ ಮುಂದೆ ಬಂತು. ಎಲ್ಲರಿಗಿಂತ ಮುಂದೆ ಬಿಳಿ ರುಮಾಲಿನ ಒಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರೇ ಬೀಗರೆಂದು ಬೇರೆ ಹೇಳಬೇಕಾಗಿರಲಿಲ್ಲ.

"ಹತ್ತಿ" ಎಂದರು ಚೌಡಪ್ಪನವರು, ನನ್ನ ಮುಖ ನೋಡದೆ. "ನಾನು ಕ್ಯಾರಿಯರ್ ಹಿಡ್ಕಂತೀನಿ. ಇಳಿಜಾರು, ತುಳಿಯಂಗಿಲ್ಲ. ಹ್ಯಾಂಡಲ್ ಮಾತ್ರ ಬುಡಬ್ಯಾಡಿ. ಉಳಿದದ್ದು ಆಮ್ಯಾಕೆ ನೋಡಾನ."

ನಲವತ್ತನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಸೈಕಲ್ ಹತ್ತಿದೆ. ಸೀಟು ಅಷ್ಟು ಎತ್ತರವಿರುತ್ತದೆಂದು ಯಾರೂ ಹೇಳಿರಲಿಲ್ಲ. ಹಿಂದೆ ಚೌಡಪ್ಪನವರ ಉಸಿರು, ಚಪ್ಪಲಿಯ ಪಟಪಟ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತುಹೋಯಿತು. ತಿರುಗಿ ನೋಡುವ ಧೈರ್ಯ ಯಾರಿಗಿದೆ? ಆದರೆ ಸೈಕಲ್ ಹೋಗುತ್ತಿತ್ತು. ನೆಟ್ಟಗೆ ಹೋಗುತ್ತಿತ್ತು. ಒಂಬತ್ತು ವರ್ಷ ತಳ್ಳಿ ತಳ್ಳಿ ಹ್ಯಾಂಡಲ್ಲಿನ ಬುದ್ಧಿ ನನಗೆ ಗೊತ್ತಿತ್ತೆಂದು ಕಾಣುತ್ತದೆ. ಗಾಳಿ ಎದೆಗೆ ಬಡಿಯಿತು. ನಾನು ಬರೆದದ್ದು ನಿಜ, ಆ ಸುಖವನ್ನು ಬರೆದು ತಿಳಿಸಲಾಗದು.

ಊರು ಹತ್ತಿರ ಬಂತು. ಬಿಳಿ ರುಮಾಲಿನ ತಿಮ್ಮರಾಯಪ್ಪನವರ ಮುಖ ಸ್ಪಷ್ಟವಾಗಿ ಕಂಡಿತು. ಎಪ್ಪತ್ತರ ಹಿರಿಯರು. ಎಷ್ಟೇ ಅನುಮಾನವಿದ್ದರೂ ಊರಿಗೆ ಬಂದ ಮೇಷ್ಟ್ರಲ್ಲವೇ? ರಸ್ತೆಯ ಮಧ್ಯೆ ನಿಂತು ಎರಡೂ ಕೈ ಜೋಡಿಸಿದರು.

"ನಮಸ್ಕಾರ ಮೇಷ್ಟ್ರೇ."

ಓದುಗರೇ, ಹಿರಿಯರೊಬ್ಬರು ಮೊದಲು ಕೈ ಮುಗಿದರೆ ನೀವು ಏನು ಮಾಡುತ್ತೀರಿ? ನಾನೂ ಅದನ್ನೇ ಮಾಡಿದೆ.

ಎರಡೂ ಕೈ ಎತ್ತಿ ಮುಗಿದೆ.

ಎಷ್ಟು ದೂರ ಹಾಗೆಯೇ ಹೋದೆನೋ ನನಗೆ ತಿಳಿಯದು. ಊರವರು ಹೇಳುವ ಪ್ರಕಾರ ತಿಮ್ಮರಾಯಪ್ಪನವರನ್ನು ಒಂದು ಗೇಣಿನಲ್ಲಿ ತಪ್ಪಿಸಿ, ಕೈ ಮುಗಿದ ಭಂಗಿಯಲ್ಲೇ ಚಾವಡಿ ದಾಟಿ, ಪಕ್ಕದ ತಿಪ್ಪೆಗೆ ಹೋಗಿ ಸೇರಿದೆನಂತೆ. ತಿಪ್ಪೆ ಮೆತ್ತಗಿತ್ತು. ಉದ್ದನಪಲ್ಲಿಯ ದನಗಳು ಚೆನ್ನಾಗಿರಲಿ. ದ್ರಾಕ್ಷಿ ಮಾತ್ರ ಉಳಿಯಲಿಲ್ಲ.

ನನ್ನನ್ನು ಎಬ್ಬಿಸಿದವರು ತಿಮ್ಮರಾಯಪ್ಪನವರೇ. ಕಣ್ಣು ಒದ್ದೆಯಾಗಿತ್ತು. "ನಾನು ಅನುಮಾನ ಪಟ್ಟೆ, ತಪ್ಪಾಯ್ತು ಮೇಷ್ಟ್ರೇ. ಕೈ ಬುಡೋದೇನು, ಆ ಸ್ಪೀಡ್ನಾಗೆ ನಮಸ್ಕಾರನೂ ಮಾಡ್ಬುಟ್ರಿ. ಬಿದ್ದಿದ್ದು ನಮ್ಮೂರ ತಿಪ್ಪೆ ತಪ್ಪು, ನಿಮ್ಮ ತಪ್ಪಲ್ಲ."

ಊರವರೆಲ್ಲ ಹೌದು ಹೌದೆಂದರು. ಬಿಸಿನೀರು ಕೊಟ್ಟರು, ಹೊಸ ಪಂಚೆ ಕೊಟ್ಟರು, ಮುದ್ದೆ ಮತ್ತು ಅವರೆಕಾಳಿನ ಸಾರು ಬಡಿಸಿದರು. ನಾನು ಹೊಗಳಿಕೆಯನ್ನೂ ಮುದ್ದೆಯನ್ನೂ ಅಗಿಯದೆ ನುಂಗಿದೆ. ಊಟವಾದ ಮೇಲೆ ತಿಮ್ಮರಾಯಪ್ಪನವರು ಹಳೆಯ ಪತ್ರಿಕೆ ತರಿಸಿ, "ಬೀಗ್ರೇ, ಆ ಕೈ ಬಿಟ್ಟಿದ್ದು ಇನ್ನೊಂದು ಕಿತ ಓದಿ" ಎಂದರು. ಚೌಡಪ್ಪನವರು ಪತ್ರಿಕೆ ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿದರು. "ಕನ್ನಡಕ ತಂದಿಲ್ಲ" ಎಂದು ಮಡಿಸಿ ಇಟ್ಟರು. ಅವರು ಕನ್ನಡಕ ಹಾಕುವವರಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಸಂಜೆಯ ಬಸ್ಸಿನ ನೆತ್ತಿಯ ಮೇಲೆ ಸೈಕಲ್ ಏರಿಸಿ ಹೊಸೂರಿಗೆ ಬಂದೆ. ಮನೆಯಾಕೆ ಕೇಳಿದಳು, ಎಲ್ಲ ಹೇಳಿದೆ. "ಮೀಸೆ ಉಳಿಯಿತಲ್ಲ, ಬಿಡಿ" ಎಂದಳು. ನಾನೂ ಹಾಗೇ ಅಂದುಕೊಂಡೆ.

ಗುರುವಾರ ಶಾಲೆಯ ಗೇಟಿನಲ್ಲಿ ಯಾರೋ ಕಾಯುತ್ತಿದ್ದಾರೆಂದು ಹೇಳಿಕಳಿಸಿದರು. ಹೋಗಿ ನೋಡಿದರೆ ಗುರುತಿಲ್ಲದ ಮುಖ. ಮೂಗಿನ ಕೆಳಗೆ ಒಂದು ಪಟ್ಟಿ ಮಾತ್ರ ಬಿಸಿಲು ಕಾಣದೆ ಬೆಳ್ಳಗಿತ್ತು. ಸೈಕಲ್ಲು ನೋಡಿದ ಮೇಲೆ ಚೌಡಪ್ಪನವರೆಂದು ತಿಳಿಯಿತು.

"ಏನು ಮಾಡ್ಕೊಂಡ್ರಿ ಇದು?" ಎಂದೆ. "ಬೀಗರು ಒಪ್ಪಿಕೊಂಡರಲ್ಲ."

"ಅವ್ನು ಒಪ್ದ. ನಾನು ಆಡಿದ ಮಾತು ಏನು? ಮೇಷ್ಟ್ರು ಬರ್ದಿದ್ದು ಸುಳ್ಳಾದ್ರೆ ತೆಗೀತೀನಿ ಅಂತ. ತಿಮ್ಮರಾಯಪ್ಪಂಗೆ ಗೊತ್ತಾದ್ರೆ ತೆಗೀತೀನಿ ಅಂದಿರ್ನಿಲ್ಲ." ಬೋಳು ತುಟಿಯ ಮೇಲೆ ಬೆರಳಾಡಿಸಿದರು. "ಮೂರು ದಿನ ಇಟ್ಕಂಡಿದ್ದೆ. ಕನ್ನಡಿ ನೋಡಕ್ಕೆ ಆಗ್ನಿಲ್ಲ. ತೆಗ್ಸಿದೆ. ಮನೇಲಿ ಯಾರೋ ಹೋಗ್ಬುಟ್ರು ಅಂದ್ಕಂಡು ನೆಂಟ್ರೆಲ್ಲ ಅತ್ಕಂಡು ಬಂದವ್ರೆ. ಎಲ್ರಿಗೂ ಅಡುಗೆ ಮಾಡಿ ಹಾಕ್ದೆ."

ನನಗೆ ನಗು ಬಂತು. ಕೂಡಲೆ ಅಳುವೂ ಬಂತು. ಎರಡನ್ನೂ ತಡೆದುಕೊಂಡು, "ನಾನೇನು ಮಾಡಲಿ ಹೇಳಿ" ಎಂದೆ.

"ನೀವು ಮೇಷ್ಟ್ರು. ನಾನೇನು ಹೇಳಾದು. ನಡೆದಿದ್ದು ಬರೀರಿ. ಭಾನುವಾರ ಚಾವಡೀಲಿ ನಾನೇ ಓದ್ತೀನಿ."

"ಊರವರ ಮುಂದೆ ನಿಮಗೆ ಅವಮಾನ ಆಗಲ್ವೇ?"

"ಮೀಸೆ ಆಗ್ಲೇ ತೆಗೆದಾಯ್ತಲ್ಲ ಮೇಷ್ಟ್ರೇ. ಇನ್ನೇನು ತೆಗೀತಾರೆ?" ಎಂದು ಸೈಕಲ್ ಹತ್ತಿದರು. ಶಾಲೆಯ ಹೆಡ್ ಮೇಷ್ಟ್ರು ಎದುರಿಗೆ ಬಂದರು. ಚೌಡಪ್ಪನವರು ಇಳಿದು, ಕೈ ಮುಗಿದು, ಮತ್ತೆ ಹತ್ತಿ ಹೋದರು. ಇಳಿದು ಕೈ ಮುಗಿಯಬೇಕು. ಅಷ್ಟು ಸುಲಭದ ವಿಷಯ.

ಆದ್ದರಿಂದ ಈ ಬರಹ. ಬರೆದದ್ದನ್ನು ಮನೆಯಾಕೆಗೆ ತೋರಿಸಿದೆ. "ಅಪ್ಪ ಓದ್ತಾರೆ" ಎಂದಳು. ಓದಲಿ. ಮಾವನವರೇ, ಒಂಬತ್ತು ವರ್ಷದ ಹಿಂದಿನ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ 'ಇಲ್ಲ'. ಎಡಿಟರೇ, ತಲೆಬರಹ ಬದಲಾಯಿಸುವುದಾದರೆ ಬದಲಾಯಿಸಿ. ಈ ಸಲ ಕೆಳಗೆ ಮೂರು ಸಾಲು ಉಳಿದರೆ ದಯವಿಟ್ಟು ಖಾಲಿ ಬಿಡಿ.

ಈಗ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ದೊರೆಯ ಕೋಟೆ ಬಂಗಲೆಯ ಬಯಲಿನಲ್ಲಿ ಸೈಕಲ್ ಕಲಿಯುತ್ತಿದ್ದೇನೆ. ನಿನ್ನೆ ಎರಡು ಸಲ ಬಿದ್ದೆ. ಬಾವಲಿಗಳು ಬಿಟ್ಟರೆ ಯಾರೂ ನೋಡಲಿಲ್ಲ. ಸೀಟಿನ ಮೇಲಿನ ಕಂಪನಿ ಅಕ್ಷರ ಒಂದು ಸ್ವಲ್ಪ ಮಾಸಿದೆ.

ಚೌಡಪ್ಪನವರೇ, ಚಾವಡಿಯಲ್ಲಿ ಕೂತು ನೀವು ಇದನ್ನು ಓದುತ್ತಿದ್ದೀರಿ. ತಿಮ್ಮರಾಯಪ್ಪನವರು ಪಕ್ಕದಲ್ಲೇ ಇರಬೇಕು, ಅವರಿಗೆ ನನ್ನ ನಮಸ್ಕಾರ ಹೇಳಿ. (ಈ ಸಲ ನೆಲದ ಮೇಲೆ ನಿಂತೇ ಮಾಡುತ್ತಿದ್ದೇನೆ.) ಸುಳ್ಳು ಬರೆದವನು ನಾನು, ಮೀಸೆ ಹೋದದ್ದು ನಿಮ್ಮದು. ನಿಮ್ಮದು ತಿಂಗಳು ಎರಡು ತಿಂಗಳಲ್ಲಿ ಬೆಳೆದೀತು.

ಮೀಸೆಯೇ ಇಲ್ಲದ ನಾನು ಏನನ್ನು ಬೋಳಿಸಲಿ?